ಗುರುತು ಸಿಗದ ಕಲ್ಲು

ಸಾವಂದ್ರಮ್ಮನ ಇಡ್ಲಿ ಹೋಟೆಲಿನ ಒರಳುಕಲ್ಲನ್ನು ಲಾರಿ ಹೊತ್ತುಕೊಂಡು ಹೋಗಿ ಮೂರು ದಿನವಾಗಿತ್ತು. ಗಂಗಹನುಮಕ್ಕನಿಗೆ ಮೈಯೆಲ್ಲ ಉರಿಯುತ್ತಿತ್ತು. ರುಬ್ಬಿ ರುಬ್ಬಿ ನುಣುಪಾಗಿದ್ದ ಆ ಒರಳನ್ನು, ಅವ್ವ ಕಲಿಸಿದಂತೆ, ಉಳಿಯಿಂದ ಕೆತ್ತಿ ತರಿತರಿ ಮಾಡಿಕೊಟ್ಟವಳು ಅವಳೇ. ಬೀದಿಯ ಕ್ಯಾಮೆರಾ ಪ್ರತಿ ವಸ್ತುವನ್ನೂ ಅದರ ಅಂಚು, ಮೂಲೆ, ಉಬ್ಬುತಗ್ಗುಗಳಿಂದಲೇ ಗುರುತು ಹಿಡಿಯುತ್ತಿತ್ತು. ಗುರುತು ಸಿಗದಿದ್ದರೆ ಡ್ರೈವರಿಲ್ಲದ ಲಾರಿ ಬಂದು ಎತ್ತಿಕೊಂಡು ಹೋಗುತ್ತಿತ್ತು.

“ದಾಖಲೆಯಲ್ಲಿರೋ ಒರಳಿಗೂ ಇದಕ್ಕೂ ಒಂದು ಗುಳಿನೂ ಹೊಂದಲ್ಲ ಕಣಮ್ಮ,” ಎಂದರು ಗುರುತು ಕಚೇರಿಯ ಚಿದಾನಂದಯ್ಯ, ಕಾಫಿ ಹೀರುತ್ತ. “ಅದು ಬೇರೆ ಕಲ್ಲು.”

“ಬೇರೆ ಹೆಂಗಾಯ್ತದೆ ಸ್ವಾಮಿ? ನಾನೇ ಕೆತ್ತಿದ್ದು! ನೀವು ತಲೆ ಬೋಳಿಸ್ಕೊಂಡು ಬಂದ್ರೆ ನಿಮ್ಮ ಹೆಂಡ್ರು ಬಾಗ್ಲು ಹಾಕ್ಕಂತಾರಾ?”

“ಬಾಯಿಮಾತು ನಡೆಯಲ್ಲ. ಪುರಾವೆ ತಗೊಂಡು ಬಾ, ಹೋಗು.”

ಗಂಗಹನುಮಕ್ಕ ಹೊರಗೆ ಬಂದು, ಕಚೇರಿ ಬಾಗಿಲ ಮುಂದಿನ ಚಪ್ಪಡಿ ಮೆಟ್ಟಿಲ ಪಕ್ಕ ಕುಕ್ಕರಗಾಲಲ್ಲಿ ಕೂತು, ಚೀಲದಿಂದ ಉಳಿ, ಸುತ್ತಿಗೆ ತೆಗೆದಳು. ಹಲ್ಲು ಕಚ್ಚಿಕೊಂಡು, ಒರಳಿಗೆ ಹೊಡೆಯುವಂತೆಯೇ ಸಾಲುಸಾಲಾಗಿ ಗುಳಿ ಹೊಡೆದಳು. ಕೊನೆಯ ಸಾಲು ಮುಗಿಯುವಷ್ಟರಲ್ಲಿ ಬಾಗಿಲ ಮೇಲಿನ ಕ್ಯಾಮೆರಾದಲ್ಲಿ ಕೆಂಪು ದೀಪ ಹತ್ತಿತು. ಲಾರಿ ಬಂದು ನಿಂತು, ಕಬ್ಬಿಣದ ಕೈ ಚಾಚಿ, ಮೆಟ್ಟಿಲನ್ನು ಕಿತ್ತು ಎತ್ತಿತು.

ಚಿದಾನಂದಯ್ಯ ಕಾಫಿ ಲೋಟದ ಸಮೇತ ಓಡಿಬಂದರು. “ಏಯ್, ಇಳಿಸು! ಅದು ನಮ್ಮ ಆಫೀಸ್ ಮೆಟ್ಲು!”

ಲಾರಿ ಹೊರಟೇಹೋಯಿತು. ಗಂಗಹನುಮಕ್ಕ ಸೀರೆಗೆ ಅಂಟಿದ್ದ ಕಲ್ಲುಪುಡಿ ಕೊಡವಿಕೊಂಡಳು.

“ಬಾಯಿಮಾತು ನಡೆಯಲ್ಲ ಸ್ವಾಮಿ. ಪುರಾವೆ ತಗಂಡು ಬನ್ನಿ, ಹೋಗಿ.”