ಗೋಡೆ ಉಜ್ಜಿದ ಕಾರು

ಓಣಿಯಲ್ಲಿ ಯಾರೋ ನಿಲ್ಲಿಸಿ ಹೋಗಿದ್ದ ಟ್ರ್ಯಾಕ್ಟರಿಗೂ ಕಲ್ಲುಗೋಡೆಗೂ ನಡುವಿನ ಸಂದಿ ಕಂಡು ರಮ್ಯಶ್ರೀ ಬ್ರೇಕು ಒತ್ತಿದಳು. ಕಾರು ಸಣ್ಣದೇ, ಆದರೂ ಗೋಡೆಗೆ ಉಜ್ಜದೆ ದಾಟುವಂತಿರಲಿಲ್ಲ. ಹಿಂದಿನ ಸೀಟಿನಲ್ಲಿ ಗಂಡ ಶರತ್ ತನ್ನ ತಾಯಿಯ ತೊಡೆಗೆ ಒರಗಿದ್ದ. ಹೊಗೆಸೊಪ್ಪಿನ ಹೊಲದಲ್ಲಿ ನಾಗರಹಾವು ಕಚ್ಚಿದ ಕಾಲು ಊದಿಕೊಂಡಿತ್ತು.

“ಟ್ರ್ಯಾಕ್ಟರ್‌ನೋನು ಎಲ್ಲೋದ್ನೋ! ಮಗ ಕಣ್ಮುಚ್ತಾವ್ನೆ ಕಣವ್ವಾ!” ಅತ್ತೆ ಸುನಂದಮ್ಮ ಚೀರಿದರು.

ರಮ್ಯಶ್ರೀ ಓಡಿಸಲು ಕಲಿತದ್ದು ತವರಿನಲ್ಲಿ, ಅಣ್ಣನ ಹಳೆಯ ಜೀಪಿನಲ್ಲಿ. ಈ ಹೊಸ ಕಾರಿನ ಸ್ಟೇರಿಂಗನ್ನು ಶರತ್ ಅವಳಿಗೆ ಒಮ್ಮೆಯೂ ಕೊಟ್ಟಿರಲಿಲ್ಲ. ಬಾಗಿಲಿಗೆ ಬಳೆ ತಾಕಿದರೂ ಅವನ ಮುಖ ಸಣ್ಣಗಾಗುತ್ತಿತ್ತು.

“ಉಜ್ಜೋಗ್ತದೆ ಕಣ್ರೀ,” ಎಂದು ಗಂಡನಿಗೆ ಹೇಳಿದವಳೇ ಮುಂದಕ್ಕೆ ನುಗ್ಗಿಸಿದಳು. ಎಡಗಡೆಯ ಬಾಗಿಲೆರಡೂ ಕಲ್ಲಿಗೆ ಕಿರ್ರೆಂದು ಉಜ್ಜಿದವು, ಕನ್ನಡಿ ಮುರಿದು ನೇತಾಡಿತು. ಕಾರು ಹುಣಸೂರಿನ ರಸ್ತೆಗೆ ಬಂದು ಬಿತ್ತು. ಅವಳು ಆಕ್ಸಿಲರೇಟರ್ ತುಳಿದೇ ತುಳಿದಳು. ಎಂಜಿನ್ ಅರಚಿತೇ ಹೊರತು ವೇಗ ಏರಲಿಲ್ಲ.

“ಮೂರ್ನೇ ಗೇರಾಕು, ರಮ್ಯಾ...” ಹಿಂದಿನಿಂದ ತೊದಲು ದನಿ ಬಂತು.

ಅವಳು ಗೇರು ಬದಲಿಸಿದಳು. ರಸ್ತೆ ಮಂಜಾಗುವಷ್ಟು ಕಣ್ಣು ತುಂಬಿತ್ತು.

“ಮುಂದೇನ್ ಮಾಡ್ಲಿ, ಯೋಳ್ರೀ,” ಎಂದು ಗೋಗರೆದಳು. “ಆಸ್ಪತ್ರೆ ಬರೋಗಂಟ ಯೋಳ್ತಾನೇ ಇರಿ.”