ಶುಭ ಶುಕ್ರವಾರದ ಗಂಟೆ

ತೆಂಗಿನ ನಾರಿನ ಹಗ್ಗದ ವಾಸನೆ ಬಂದರೆ ಈಗಲೂ ತಾತನ ಅಂಗೈ ನೆನಪಾಗುತ್ತದೆ. ಗುಬ್ಬಿಯ ನಮ್ಮ ಚರ್ಚಿನ ಗಂಟೆ ಬಾರಿಸುತ್ತಿದ್ದ ತಾತ, ಜನ ಒಳಗೆ ಹೋದ ಮೇಲೂ ತಾನು ಹೋಗದೆ ಹುಣಸೆಮರದಡಿ ಬೀಡಿ ಹಚ್ಚಿ ಕೂರುತ್ತಿದ್ದ. ಯೇಸು ಶಿಲುಬೆಯಲ್ಲಿ ಸತ್ತ ಶುಭ ಶುಕ್ರವಾರ ಮಾತ್ರ ಗಂಟೆ ಬಾರಿಸುವಂತಿರಲಿಲ್ಲ. ಒಂದು ವರ್ಷ ಆ ಮಧ್ಯಾಹ್ನ, ಕೆಲಸವಿಲ್ಲದೆ, ಒಳಗೆ ಬಂದು ನನ್ನ ಪಕ್ಕ ಚಾಪೆಯಲ್ಲಿ ಕುಳಿತ. ಪಕ್ಕದ ಶಿಲುಬೆಯ ಮೇಲಿದ್ದ ಕಳ್ಳನನ್ನು ಯೇಸು ಕ್ಷಮಿಸಿದ್ದನ್ನು ಪಾಸ್ಟರ್ ಓದುತ್ತಿದ್ದಂತೆ ತಾತನ ಒರಟು ಕೈ ನನ್ನ ಕೈಯನ್ನು ಬಿಗಿಯಾಗಿ ಹಿಡಿಯಿತು. ಆಮೇಲೆ ಎದ್ದು ಹೊರಗೆ ಹೋದ. ಗಂಟೆ ಢಣಢಣ ಎಂದಿತು.

ಎಲ್ಲರೂ ಹೊರಗೋಡಿದೆವು. “ಇವತ್ ಬಾರಿಸ್ಬಾರ್ದು ಕಣ್ರೀ! ಯಾರ್ನ ಕರೀತಿದೀರ?” ಅಜ್ಜಿ ಕೂಗಿದಳು.

“ಇಷ್ಟ್ ವರ್ಷ ಊರ್ನೆಲ್ಲ ಕರ್ದೆ ಕಣೇ. ಇವತ್ತು ನಾನು ಬಂದೆ,” ಎಂದ ತಾತ, ಹಗ್ಗ ಬಿಡದೆ.

ಪಾಸ್ಟರ್ ಹತ್ತಿರ ಬಂದರು. ಬೈಯುತ್ತಾರೆ ಅಂದುಕೊಂಡೆ. ಅವರೂ ಹಗ್ಗಕ್ಕೆ ಕೈಹಾಕಿ ಎಳೆದರು.