ಡಿಸ್ಕಿನಲ್ಲಿ ಉಳಿದ ನೆತ್ತಿ

"ಆ ಫೋಟೋ ಇಲ್ಲವೇ ಇಲ್ಲ" ಎಂದು ಅಳಿಯ ಮತ್ತೊಮ್ಮೆ ಹೇಳಿದ.

ಹೆಂಡತಿ ನಂಬಲಿಲ್ಲ. ಅವಳು ಕಂಪನಿಗಳ ಲೆಕ್ಕ ತಪಾಸಣೆ ಮಾಡುವವಳು. ನಂಬುವುದು ಅವಳ ಕಸುಬಿನಲ್ಲೇ ಇರಲಿಲ್ಲ. "ಕ್ಯಾಮೆರಾ ನನ್ನ ಕೈಲೇ ಇತ್ತು ಕಣ್ರೀ. ಅಮ್ಮ ಹಲ್ಲು ಕಾಣೋ ಹಾಗೆ ನಕ್ಕಳು, ನಾನು ಕ್ಲಿಕ್ ಮಾಡ್ದೆ. ಆಮೇಲೆ ಕಾರ್ಡಲ್ಲಿದ್ದದ್ದನ್ನೆಲ್ಲ ಈ ಡಿಸ್ಕಿಗೆ ಹಾಕಿ ಕಾರ್ಡ್ ಖಾಲಿ ಮಾಡಿದವರು ನೀವು."

ಸೋಫಾದ ತುದಿಯಲ್ಲಿ ಅತ್ತೆ ಕೂತಿದ್ದರು. ರೈಲಿನಲ್ಲಿ ಟಿಕೆಟ್ ತಪಾಸಣೆ ಮಾಡುತ್ತಿದ್ದು ಮೊನ್ನೆ ತಾನೇ ನಿವೃತ್ತರಾದವರು. ಅವರ ಮುಖ ಕಂಡರೆ ಟಿಕೆಟ್ ಇದ್ದವರೂ ಒಮ್ಮೆ ಜೇಬು ಮುಟ್ಟಿ ನೋಡಿಕೊಳ್ಳುತ್ತಿದ್ದರು. ನಿವೃತ್ತರಾದವರ ಫೋಟೋ ತೂಗುಹಾಕುವ ಗೋಡೆಯೊಂದು ಅವರ ಕಚೇರಿಯಲ್ಲಿತ್ತು. ನಾಳೆ ಫೋಟೋ ಕೊಡದಿದ್ದರೆ ಗುರುತಿನ ಚೀಟಿಯಲ್ಲಿರುವುದನ್ನೇ ದೊಡ್ಡದು ಮಾಡಿ ಹಾಕುವುದಾಗಿ ಕಚೇರಿಯವರು ತಿಳಿಸಿದ್ದರು. ಆ ಚೀಟಿಯಲ್ಲಿ ಅತ್ತೆ ಫೋಟೋಗ್ರಾಫರನಿಗೇ ದಂಡ ಹಾಕುತ್ತಿರುವಂತೆ ಕಾಣುತ್ತಿದ್ದರು.

"ಅದು ಬೇಡ" ಎಂದರು ಅತ್ತೆ. "ಸರ್ವಿಸ್ ಪೂರ್ತಿ ಜನ ನನ್ನ ಕಂಡು ಓಡಿದ್ದಾಯ್ತು. ಗೋಡೆ ಮೇಲಾದ್ರೂ ನಗ್ತಾ ಇರ್ತೀನಿ." ಇಷ್ಟು ಮೆತ್ತಗೆ ಅವರು ಮಾತಾಡಿದ್ದನ್ನು ಅಳಿಯ ಕೇಳಿಯೇ ಇರಲಿಲ್ಲ. ಅವನು ಮುಖ ಅತ್ತ ತಿರುಗಿಸಿಕೊಂಡ.

ಯಾಕೆಂದರೆ ಫೋಟೋ ಇತ್ತು, ಅಳಿಸಿದವನು ಅವನೇ. ಅಳಿಯ ಪುಸ್ತಕಗಳಿಗೆ ಮುಖಪುಟ ಮಾಡುವವನು. ಮುಂಭಾಗ ಚೆನ್ನಾಗಿದ್ದರೆ ಹಿಂಭಾಗವನ್ನು ಯಾರೂ ನೋಡುವುದಿಲ್ಲ ಎಂದು ನಂಬಿ ಬದುಕಿದವನು. ಎದುರಿನಿಂದ ನೋಡಿದರೆ ತಲೆ ತುಂಬ ಕೂದಲು, ಹಿಂದಿನಿಂದ ನೋಡಿದರೆ ನೆತ್ತಿಯ ಮೇಲೆ ತಟ್ಟೆಯಗಲ ಬಯಲು. ಅತ್ತೆಯ ಬೀಳ್ಕೊಡುಗೆ ಊಟದ ಫೋಟೋಗಳಲ್ಲಿ ನೆತ್ತಿ ಕಂಡದ್ದನ್ನೆಲ್ಲ ಅವನು ಹುಡುಕಿ ಹುಡುಕಿ ಅಳಿಸಿದ್ದ. ಆ ಭರದಲ್ಲಿ ನೆತ್ತಿಯ ಹಿಂದೆ ಯಾರು ನಗುತ್ತಿದ್ದಾರೆಂದು ನೋಡುವ ವ್ಯವಧಾನವೂ ಅವನಿಗಿರಲಿಲ್ಲ.

"ಕೊಡಿ ಇಲ್ಲಿ, ನನ್ನ ಕಂಪ್ಯೂಟರಿಗೆ ಹಾಕಿ ನೋಡ್ತೀನಿ" ಎಂದು ಹೆಂಡತಿ ಡಿಸ್ಕನ್ನು ಕಿತ್ತುಕೊಂಡಳು. ಅವನದು ಮ್ಯಾಕ್, ಅವಳದು ವಿಂಡೋಸ್. ಒಬ್ಬರ ಡಿಸ್ಕ್ ಇನ್ನೊಬ್ಬರಿಗೆ ಸರಿಹೊಂದದೆ ಮನೆಯಲ್ಲಿ ರಂಪವಾಗುತ್ತಿತ್ತು. ಎರಡರಲ್ಲೂ ನಡೆಯುವಂತೆ ಇದನ್ನು ಫಾರ್ಮ್ಯಾಟ್ ಮಾಡಿ ಶಾಂತಿ ಸ್ಥಾಪಿಸಿದವನು ಅಳಿಯನೇ. ಮ್ಯಾಕಿನಲ್ಲಿ ಅಳಿಸಿದ ಫೋಟೋಗಳು, ಕಸದ ಬುಟ್ಟಿ ಖಾಲಿ ಮಾಡುವ ತನಕ ಅದೇ ಡಿಸ್ಕಿನ ಮೂಲೆಯಲ್ಲಿ ಅವಿತು ಕೂತಿರುತ್ತವೆ ಎಂಬುದು ಮಾತ್ರ ಆ ಮಹಾಶಯನಿಗೆ ಗೊತ್ತಿರಲಿಲ್ಲ. ಹೆಂಡತಿಯ ಕಂಪ್ಯೂಟರೋ, ಮರೆಮಾಡಿದ ಫೋಲ್ಡರುಗಳನ್ನೇ ಮೊದಲು ತೋರಿಸುವಂತೆ ಹದಮಾಡಿಟ್ಟದ್ದು.

"ಟ್ರ್ಯಾಶಸ್ ಅಂತ ಏನೋ ಇದೆಯಲ್ಲ?" ಎಂದಳು ಅವಳು.

ಅಳಿಯ ಮೌಸಿಗೆ ಕೈಹಾಕಿದ. "ಅದು ಸಿಸ್ಟಂದು. ಮುಟ್ಟಬೇಡ, ಡಿಸ್ಕ್ ಹಾಳಾಗುತ್ತೆ."

ಅತ್ತೆ ಕನ್ನಡಕ ಸರಿಮಾಡಿಕೊಂಡರು. "ಮುಟ್ಟಬೇಡಿ ಅಂದ ಚೀಲಾನೇ ನಾನು ಮೊದಲು ಬಿಚ್ಚಿಸ್ತಿದ್ದೆ. ತೆಗಿಯೇ ಅದನ್ನ."

ಪರದೆಯ ತುಂಬ ನೆತ್ತಿಗಳು ತೆರೆದುಕೊಂಡವು. ಊಟಕ್ಕೆ ಬಗ್ಗಿದ ನೆತ್ತಿ, ಚಪ್ಪಲಿ ಹುಡುಕುವ ನೆತ್ತಿ, ಕಿಟಕಿಯ ಬಿಸಿಲಿಗೆ ಥಳಥಳ ಹೊಳೆಯುವ ನೆತ್ತಿ. ತಾಯಿ ಮಗಳು ಒಂದೊಂದನ್ನೂ ನೋಡಿದರು. ಕೊನೆಗೆ ಆ ಫೋಟೋ ಬಂತು: ಹಿಂದೆ ಅತ್ತೆ, ಕಣ್ಣು ಮುಚ್ಚುವಷ್ಟು ನಗು, ಮುಂದೆ ಪಕ್ಕಕ್ಕೆ ಬಗ್ಗಿದ ಅಳಿಯನ ತಲೆ. ನೆತ್ತಿಯ ನಟ್ಟನಡುವೆ, ಮೇಲೆ ಅಲಂಕಾರಕ್ಕೆ ಕಟ್ಟಿದ್ದ ಬಂಗಾರದ ಕಾಗದದ ನಕ್ಷತ್ರವೊಂದು ಕಳಚಿ ಬಿದ್ದು ಅಂಟಿಕೊಂಡಿತ್ತು.

ಅಳಿಯ ಪರದೆಯ ಹತ್ತಿರಕ್ಕೆ ಬಗ್ಗಿದ. "ಇದು ಯಾವಾಗ ಬಿತ್ತು?"

"ಊಟ ಮುಗಿದ ಮೇಲೆ."

"ಆಮೇಲೆ ನಾನು ಅತ್ತೆ ಬಗ್ಗೆ ಭಾಷಣ ಮಾಡಿದ್ನಲ್ಲ. ಕೊನೇಲಿ ತಲೆ ಬಗ್ಗಿಸಿ ವಂದಿಸಿದಾಗ ಅಷ್ಟೊಂದು ಚಪ್ಪಾಳೆ ಬಿತ್ತಲ್ಲ?"

"ತಲೆ ಬಗ್ಗಿಸಿದ್ದಕ್ಕೇ ಬಿತ್ತು" ಎಂದಳು ಹೆಂಡತಿ.

ನಾಚಿಕೆಯಿಂದ ಅವನ ಕಿವಿ ಕೆಂಪಾಯಿತು. ಸುಳ್ಳು ಹೇಳಿದ್ದಕ್ಕೆ ಅತ್ತೆಯ ಕ್ಷಮೆ ಕೇಳಿದ. ಆದರೂ ಕಚೇರಿಯ ಗೋಡೆಯ ಮೇಲೆ ತನ್ನ ನೆತ್ತಿ ಬೇಡವೆಂದು ಗೋಗರೆದ. ತಾನೇ ಕೂತು ತಲೆಯ ಭಾಗವನ್ನು ಕತ್ತರಿಸಿ ತೋರಿಸಿದ. ಉಳಿದ ಅತ್ತೆ, ಯಾರೂ ಇಲ್ಲದ ಮೂಲೆಯನ್ನು ನೋಡಿಕೊಂಡು ಒಬ್ಬರೇ ನಗುತ್ತಿದ್ದರು.

"ಕೆಲಸ ಹೋದ ದುಃಖಕ್ಕೆ ತಲೆ ಕೆಟ್ಟಿದೆ ಅಂತಾರೆ" ಎಂದರು ಅತ್ತೆ.

ಹೊಸದಾಗಿ ತೆಗೆಯುವುದೆಂದಾಯಿತು. ಅತ್ತೆ ದೀಪದ ಪಕ್ಕ ಕುರ್ಚಿಯಲ್ಲಿ ಕೂತರು, ಹೆಂಡತಿ ಕ್ಯಾಮೆರಾ ಹಿಡಿದಳು. "ನಗಮ್ಮ" ಎಂದರೆ ಅತ್ತೆಯ ಮುಖ ಇನ್ನಷ್ಟು ಬಿಗಿಯಾಯಿತು. ಇಬ್ಬರೂ ತಮಾಷೆ ಹೇಳಿದರು, ಕಾಡಿದರು, ಬೇಡಿದರು. ತುಟಿ ಅಲುಗಲಿಲ್ಲ. ಅತ್ತೆಯ ಕಣ್ಣು ಮಾತ್ರ ಸಪ್ಪಗಾಯಿತು. "ನನಗೆ ಬರಲ್ಲ ಬಿಡ್ರೋ. ಚೀಟೀದೇ ಹಾಕ್ಲಿ."

ಅದನ್ನು ಅಳಿಯನಿಗೆ ನೋಡಲಾಗಲಿಲ್ಲ. ಎದ್ದು ಬಂದು ಕ್ಯಾಮೆರಾದ ಕೆಳಗೆ, ಫೋಟೋದಲ್ಲಿ ಬರದಷ್ಟು ತಗ್ಗಿನಲ್ಲಿ, ನೆಲದ ಮೇಲೆ ಕೂತ. ಅತ್ತೆಗೆ ಬೆನ್ನು ತಿರುಗಿಸಿದ. ಉಸಿರೆಳೆದುಕೊಂಡು, ಕೂದಲನ್ನು ಎರಡೂ ಕಡೆಗೆ ಸರಿಸಿ, ಕುತ್ತಿಗೆಯನ್ನು ಹಿಂದಕ್ಕೆ ವಾಲಿಸಿದ.

"ಅಳಿಯಂದಿರೇ" ಎಂದು ಅತ್ತೆಯ ಧ್ವನಿ ಬಂತು, "ಒಂಚೂರು ದೀಪದ ಕಡೆಗೆ." ಆಮೇಲೆ ಅವರಿಗೆ ನಗು ತಡೆಯಲಾಗಲಿಲ್ಲ.

ಅಳಿಯ ಕಣ್ಣು ಮುಚ್ಚಿಕೊಂಡಿದ್ದ. ಹೆಂಡತಿ ಕ್ಯಾಮೆರಾವನ್ನು ಸದ್ದಿಲ್ಲದೆ ಒಂದಿಷ್ಟು ಕೆಳಕ್ಕಿಳಿಸಿದಳು.